ಟವೆಲ್ಲಿನ ಕೆಳಗಿನ ವ್ಯಾಪಾರ

ಜೂನ್ ೪

ಗುಂಡ್ಲುಪೇಟೆಯಲ್ಲಿ ಈ ಮಾದೇಶನ ಬಾಯಿಗೆ ಎದುರು ಬಾಯಿಲ್ಲ ಅನ್ನುತ್ತಾರೆ. ಆಡು-ಕುರಿ ದಲ್ಲಾಳಿಗೆ ಬಾಯಿಯೇ ಬಂಡವಾಳ. ಆದರೆ ಹೊರಗೆ ಆಡಲಾಗದ ಮಾತೊಂದು ಹೊಟ್ಟೆಯಲ್ಲಿ ಕೂತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಂಡತಿಯ ಸೋದರತ್ತೆಯ ಮಗ ಈ ಕಡೆಗೆ ವಾಪಸ್ಸಾಗಿದ್ದಾನೆ. ಡಾಕ್ಟರ್ ಕುಮಾರಸ್ವಾಮಿ. ಇವತ್ತು ಚಾಮರಾಜನಗರದಲ್ಲಿ ಅವನ ಚರ್ಮದ ಆಸ್ಪತ್ರೆಯ ಪೂಜೆ. ಹೆಂಡತಿಯ ತವರು ಚಂದಕವಾಡಿಯ ನೆಂಟರೆಲ್ಲ ಟೆಂಪೋ ತುಂಬಿ ಬಂದಿದ್ದರು. ಒಳಗೆ ಗೋಡೆಯ ಮೇಲೆ ಆಳುದ್ದದ ಫೋಟೊ. ನೀಲಿ ಬನಿಯನ್ನು, ಎದೆಯ ಮೇಲೆ ಇಂಡಿಯಾ ಎಂಬ ಅಕ್ಷರ, ಕಂಕುಳಲ್ಲಿ ಎಳೆ ಹಲಸಿನಕಾಯಿಯಂಥ ಚೆಂಡು, ಕಂಬದಂಥ ತೊಡೆ. ಇಂಡಿಯಾ ತಂಡದಲ್ಲಿ ರಗ್ಬಿ ಆಡಿದವನಂತೆ. ಶ್ರೀಲಂಕಾ, ಥಾಯ್ಲೆಂಡ್ ಎಲ್ಲ ಕಡೆ ಹೋಗಿ ಗುದ್ದಿಸಿಕೊಂಡು ಬಂದಿದ್ದಾನೆ.

"ರಗ್ಬಿ ಅಂದ್ರೇನ್ಲಾ ಮಾದೇಶ? ರಗ್ಗು ಹೊದ್ಕಂಡು ಆಡದಾ?" ಟೆಂಪೋ ಓಡಿಸುವ ಪುಟ್ಟಮಾದು ನನ್ನ ಕಿವಿಯಲ್ಲಿ ಕೇಳಿದ.

"ನಮ್ಮ ಟಗರು ಕಾಳಗನೇ ಕಣ್ಲಾ. ಟಗರಿಗ ಬದ್ಲು ಮನುಸ್ರು."

ಅಲ್ಲಿಗೆ ಅವನ ಹೆಸರು ನಮ್ಮಿಬ್ಬರ ನಡುವೆ 'ರಗ್ಗು' ಎಂದು ಖಾಯಂ ಆಯಿತು.

ರಗ್ಗುವಿನ ಎರಡು ಕಿವಿಯೂ ಮುದುರಿ ಹೂಕೋಸಿನ ತುಂಡಿನಂತಾಗಿವೆ. ಮೂಗು ಹೊರಟ ಕಡೆಗೆ ಹೋಗದೆ ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದೆ. ಇಂಥ ಮುಖ ಇಟ್ಟುಕೊಂಡು ಬೇರೆಯವರ ಮೊಡವೆಗೆ ಮುಲಾಮು ಬರೆಯುತ್ತಾನೆ. ಹಲ್ಲಿಲ್ಲದವನು ಕಡಲೆ ಮಾರಿದ ಹಾಗೆ. ಇವಳಂತೂ ಆ ಕಿವಿಯನ್ನೇ ನೋಡುತ್ತ ನಿಂತಳು. "ಮಲಿಕ್ಕಂಡ್ರ ನೋಯಲ್ವ ಕುಮಾರ?" ಎಂದಳು. ಮದುವೆಯಾಗಿ ಇಷ್ಟು ವರ್ಷವಾಯಿತು, ನನ್ನ ಯಾವ ಅಂಗವನ್ನೂ ಆ ದನಿಯಲ್ಲಿ ವಿಚಾರಿಸಿದ ನೆನಪಿಲ್ಲ.

ಜೂನ್ ೫

ಇದ್ದದ್ದು ಇದ್ದ ಹಾಗೆ ಬರೆದಿಡುವುದು ಒಳ್ಳೆಯದು. ವರಸೆಯಲ್ಲಿ ಇವಳು ಅವನಿಗೇ ಸೇರಬೇಕಾದವಳು. ಅತ್ತೆ ಮಗ, ಮಾವನ ಮಗಳು, ತೊಟ್ಟಿಲಲ್ಲೇ ಮಾತಾಗಿತ್ತು. ಅವನು ಡಾಕ್ಟರಿಕೆ ಓದಲು ಹೋದವನು ಮೊಟ್ಟೆ ಚೆಂಡಿನ ಹಿಂದೆ ಬಿದ್ದ. ರಜೆಗೆ ಬಂದಾಗಲೆಲ್ಲ ಒಂದೊಂದು ಮೂಳೆ ಮುರಿದುಕೊಂಡೇ ಬರುತ್ತಿದ್ದ. "ಇಂವನ್ಗ ಕೊಟ್ರ ಹುಡ್ಗಿ ಜೀವಮಾನೆಲ್ಲ ಪಟ್ಟಿ ಕಟ್ಕಂಡಿರ್ಬೇಕಾಯ್ತದ" ಎಂದು ನನ್ನ ಮಾವ ಬೆಟ್ಟಯ್ಯ ನನಗೆ ಕೊಟ್ಟರು. ಆಗ ನನ್ನ ಆಸ್ತಿ ಒಂದು ಹಳೇ ಮೊಪೆಡ್ಡು, ಹೆಗಲ ಮೇಲೊಂದು ಟವೆಲ್ಲು. ಮಿಕ್ಕದ್ದೆಲ್ಲ ಆ ಟವೆಲ್ಲಿನ ಕೆಳಗೆ ನಾನೇ ಹುಟ್ಟಿಸಿದ್ದು.

ನಮ್ಮ ಮದುವೆಗೆ ಅವನು ಮೂಗಿಗೆ ಪಟ್ಟಿ ಹಾಕಿಕೊಂಡು ಬಂದಿದ್ದ. ಇವಳ ಕಿರುಬೆರಳು ಹಿಡಿದು ಹಸೆಮಣೆ ಸುತ್ತುವಾಗ ಎದುರಿಗೇ ಕಂಡ. ನಾನು ಎಷ್ಟು ಬಿಗಿ ಹಿಡಿದೆನೋ ಏನೋ, "ಉಗುರು ನಾಟ್ತದ" ಎಂದು ಇವಳು ಪಿಸುಗುಟ್ಟಿದಳು. ಇವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಆದರೂ ಬಿಡಲಿಲ್ಲ.

ಜೂನ್ ೧೨

ತೆರಕಣಾಂಬಿ ಸಂತೆ. ಬಕ್ರೀದ್ ಕಳೆದದ್ದರಿಂದ ಮಾಲು ಹೆಚ್ಚು, ಕೊಳ್ಳುವವರು ಕಡಿಮೆ. ಇಂಥ ದಿನವೇ ದಲ್ಲಾಳಿಯ ಯೋಗ್ಯತೆ ಗೊತ್ತಾಗುವುದು.

ನಮ್ಮದು ಬೆರಳ ಭಾಷೆ. ಟವೆಲ್ಲಿನ ಕೆಳಗೆ ಕೈ ಕೊಡುತ್ತೇನೆ. ಕೊಳ್ಳುವವನು ನನ್ನ ಒಂದು ಬೆರಳು ಹಿಡಿದರೆ ಒಂದು ಸಾವಿರ, ಎರಡು ಹಿಡಿದರೆ ಎರಡು, ಪೂರಾ ಕೈ ಹಿಡಿದರೆ ಐದು. ದೊಡ್ಡ ಮಾಲಾದರೆ ಹತ್ತು ಸಾವಿರ ಬಾಯಲ್ಲಿ, ಅದರ ಮೇಲಿನದು ಬೆರಳಲ್ಲಿ. ಟವೆಲ್ ಎತ್ತಬಾರದು, ಮುಖ ನೋಡಬಾರದು. ಸುತ್ತ ಊರೇ ನಿಂತಿದ್ದರೂ ದರ ಇಬ್ಬರಿಗೇ ಗೊತ್ತು. ಈ ಕಲೆಯಲ್ಲಿ ನನ್ನ ಬಲಗೈಯನ್ನು ಮೀರಿಸಿದವನು ತಾಲ್ಲೂಕಿನಲ್ಲಿಲ್ಲ. ಇದಕ್ಕೆ ಯಾರೂ ಫೋಟೊ ಹಾಕುವುದಿಲ್ಲ, ಬಿಡಿ.

ಟೀ ಅಂಗಡಿಯಲ್ಲಿ ಎಲ್ಲರೂ ಗ್ಲಾಸನ್ನು ಪಂಚೆಯ ತುದಿಯಲ್ಲಿ ಹಿಡಿದು ಉಫ್ ಉಫ್ ಅನ್ನುತ್ತಿದ್ದರು. ನಾನು ಬರಿಗೈಯಲ್ಲಿ ಹಿಡಿದು ಕುಡಿದೆ.

"ಕೈಯಾ ಕಬ್ಣವಾ ನಿಂದು?" ಎಂದ ಪುಟ್ಟಮಾದು.

ರಗ್ಗುವನ್ನು ಕರೆತಂದು ತೋರಿಸಬೇಕಿತ್ತು, ಗಟ್ಟಿ ಚರ್ಮ ಎಂದರೆ ಯಾವುದೆಂದು.

ಜೂನ್ ೨೨

ಇವಳ ಬಲವಂತಕ್ಕೆ ರಗ್ಗುವನ್ನು ಊಟಕ್ಕೆ ಕರೆದದ್ದಾಯಿತು. ಮುದ್ದೆ, ತಲೆಮಾಂಸದ ಸಾರು. ನನಗೆ ಬಡಿಸುವಾಗ ಮೂಳೆಯ ಕಡೆಗೆ ಹೋಗುವ ಸೌಟು ಅವನಿಗೆ ಬಡಿಸುವಾಗ ಮಾಂಸದ ಕಡೆಗೆ ಹೋಗುತ್ತದೆ. ನೋಡಿಕೊಂಡೆ.

ಅವನು ತನ್ನ ಆಟದ ವಿಷಯ ಹೇಳಿದ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲವಂತೆ, ಹಿಂದಿರುವವನಿಗೇ ಕೊಡಬೇಕು, ಆದರೆ ತಂಡ ಮುಂದಕ್ಕೇ ಹೋಗಬೇಕು. "ಹಿಂದ್ಗಡ ನಮ್ಮೋನು ಅವ್ನೆ ಅಂತ ನಂಬಿ ಎಸೀಬೇಕು ಅಣ್ಣ, ತಿರ್ಗಿ ನೋಡ್ತಾ ಕುಂತ್ರ ಸತ್ತ" ಎಂದ. ಇಂಥ ಆಟ ದಲ್ಲಾಳಿಗೆ ಆಗಿಬರುವುದಿಲ್ಲ. ನಾವು ತಿರುಗಿ ನೋಡಿಯೇ ಬದುಕಿದವರು.

ಹೊರಡುವಾಗ ಕೈ ಕುಲುಕಿದ. ಬಿಡಲೇ ಇಲ್ಲ. ನನ್ನ ಅಂಗೈ ತಿರುಗಿಸಿ, ಕಿರುಬೆರಳು ನೆಟ್ಟಗೆ ಮಾಡಿ ನೋಡಿ, ಮೊಣಕೈಯ ಕೆಳಗಿನ ಬಿಳಿ ಚಿಬ್ಬಿನ ಮೇಲೆ ಹೆಬ್ಬೆರಳು ಆಡಿಸಿ, "ಇದ್ ಯಾವಾಗಿಂದ ಮಾದೇಶಣ್ಣ?" ಎಂದ.

"ಚಿಬ್ಬು ಕಣಪ್ಪ, ಬೆವ್ರಿಗ ಆಯ್ತದ. ನನ್ ಮನೇಲಿ ಉಂಡು ನಂಗೇ ಗಿರಾಕಿ ಹುಡುಕ್ಬ್ಯಾಡ" ಎಂದು ತೋಳು ಇಳಿಸಿಕೊಂಡೆ.

ಅವನು ನಕ್ಕ. ಆಮೇಲೆ ಇವಳ ಮುಖ ನೋಡಿದ. ಇವಳು ಅವನ ಮುಖ ನೋಡಿದಳು. ಇಷ್ಟು ವರ್ಷ ಮಾತಿಲ್ಲದೆಯೇ ದರ ಓದಿದವನು ನಾನು. ಅಲ್ಲಿ ಒಂದು ವ್ಯವಹಾರ ಕುದುರಿತು. ಏನೆಂದು ಮಾತ್ರ ಸಿಕ್ಕಲಿಲ್ಲ.

ಜುಲೈ ೩

ಇವಳು ಮತ್ತೆ ಚಂದಕವಾಡಿಗೆ ಹೋಗಿದ್ದಾಳೆ. ಅವ್ವನಿಗೆ ಮಂಡಿನೋವಂತೆ. ಆ ಮುದುಕಿ ಮೊನ್ನೆ ಬೆಟ್ಟ ಹತ್ತಿ ಬಂದಳೆಂದು ಅವಳ ಮಗನೇ ಫೋನಿನಲ್ಲಿ ಹೇಳಿದ್ದ.

ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಕಣ್ಣು ಬಿಟ್ಟರೆ ಇವಳು ಪಕ್ಕದಲ್ಲಿ ಫೋನು ಹಿಡಿದು ಕೂತಿದ್ದಳು. ಥಟ್ಟನೆ ಸೆರಗಿನೊಳಗೆ ಇಟ್ಟುಕೊಂಡಳು. "ಯಾರ್ಗ?" ಎಂದೆ. "ಯಾರ್ಗೂ ಇಲ್ಲ ಬುಡಿ" ಎಂದಳು.

ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ಈಗಿನ ಗುಂಡಿಗಳು ದರಿದ್ರ, ಬೆರಳಿಗೆ ನಿಲ್ಲುವುದಿಲ್ಲ. ಇವಳು ಬಂದು ಸುಮ್ಮನೆ ಹಾಕಿಕೊಟ್ಟಳು, ಚಿಕ್ಕ ಮಗುವಿಗೆ ಹಾಕುವ ಹಾಗೆ, ನನ್ನ ಕೈ ನೋಡುತ್ತ. ಇಂಡಿಯಾ ಬನಿಯನ್ನಿಗೆ ಗುಂಡಿಯೇ ಇರುವುದಿಲ್ಲ, ಅಲ್ಲವೆ ಎಂದು ಕೇಳಬೇಕೆನ್ನಿಸಿತು.

ಈ ಪೆನ್ನೂ ಜಾರುತ್ತದೆ. ಬೇರೆ ತರಬೇಕು.

ಜುಲೈ ೧೦

ಮಾನ ಹೋಯಿತು.

ಪುಣಜನೂರಿನ ದೊಡ್ಡಮಲ್ಲಪ್ಪ ಒಂದು ಬನ್ನೂರು ಟಗರು ತಂದಿದ್ದ. ಕೇರಳದ ಬತ್ತೇರಿಯಿಂದ ಬರುವ ಮಲಯಾಳಿ ಚೇಟ ಗಿರಾಕಿ. ಹತ್ತು ಬಾಯಲ್ಲಿ ಆಯಿತು, ಮಿಕ್ಕದ್ದಕ್ಕೆ ಟವೆಲ್ ಮುಚ್ಚಿದೆ. ಎರಡು ಬೆರಳು ಹಿಡಿದ. ಇನ್ನೂ ಜಗ್ಗಿದೆ, ಅಷ್ಟೇ ಎಂದ. ದೊಡ್ಡಮಲ್ಲಪ್ಪನಿಗೆ ಹನ್ನೆರಡು ಎಂದು ಹೇಳಿದೆ; ಅವನು ಗೊಣಗಿ, ಕೊನೆಗೆ ಒಪ್ಪಿದ. ಚೇಟ ಮರುಮಾತಾಡದೆ ಹನ್ನೆರಡು ಕೊಟ್ಟು ಟಗರು ಹತ್ತಿಸಿಕೊಂಡ. ಆಮೇಲೆ ಟೀ ಅಂಗಡಿಯಲ್ಲಿ ನಗುತ್ತ, "ಞಾನ್ ನಾಲು ಪಿಡಿಚ್ಚು, ಮಾದೇಶನ್ ರಂಡು ಪರಞ್ಞು" ಎಂದು ಎಲ್ಲರ ಮುಂದೆ ನಾಲ್ಕು ಬೆರಳು ತೋರಿಸಿಬಿಟ್ಟ. ಅವನು ನಾಲ್ಕು ಹಿಡಿದಿದ್ದನಂತೆ, ನಾನು ಎರಡು ಎಂದೆನಂತೆ.

ದೊಡ್ಡಮಲ್ಲಪ್ಪ ನನ್ನ ಕೊರಳಪಟ್ಟಿಗೆ ಕೈ ಹಾಕಿದ. "ನಡ್ಮಧ್ಯ ಎಷ್ಟ್‌ಲಾ ನುಂಗ್ದೆ? ಟವೆಲ್ಲಾ ಅದು, ಕಳ್ಳನ್ ಜೇಬಾ?"

"ಅಂವ ಹಿಡ್ದಿದ್ದು ಎರ್ಡೇ ಕಣಣ್ಣ, ನಮ್ಮಪ್ಪನಾಣೆ."

"ನಿಮ್ಮಪ್ಪನ್ನ ಯಾಕ್ ಕರೀತೀಯೆ, ನಿನ್ ಕೈಯ ಕೇಳು."

ನನ್ನ ಕೈಗೆ ಗೊತ್ತಿಲ್ಲದ್ದು ಆ ಚೇಟನಿಗೆ ಗೊತ್ತೆ? ಬೇಕೆಂದೇ ಮಾಡಿದ್ದಾನೆ. ಯಾರೋ ಹೇಳಿಕೊಟ್ಟು ಮಾಡಿಸಿದ್ದಾರೆ. ಕಾಲ ಕೆಟ್ಟಾಗ ಎಲ್ಲರೂ ಒಂದೇ ಕಡೆಯಿಂದ ಬರುತ್ತಾರೆ.

ಜುಲೈ ೧೭

ಪುಟ್ಟಮಾದು ಚಾಮರಾಜನಗರಕ್ಕೆ ಬಾಡಿಗೆಗೆ ಹೋಗಿದ್ದವನು ಬಂದು ಒಂದರ ಹಿಂದೆ ಒಂದು ಬೀಡಿ ಹಚ್ಚಿದ. ಅವನು ಎರಡನೆಯ ಬೀಡಿ ಹಚ್ಚಿದರೆ ಸಾವಿನ ಸುದ್ದಿ ಇಲ್ಲವೆ ಸಾಲದ ಸುದ್ದಿ.

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ನಿಮ್ಮನೆ ಶಾಂತಕ್ಕನ್ನ ನೋಡ್ದಿ. ರಗ್ಗು ಆಸ್ಪತ್ರೇಲಿ. ಅಳ್ತಾ ಇತ್ತು. ಅಂವ ತಲೆ ಮ್ಯಾಲ ಕೈ ಮಡಗಿದ್ದ."

ಇಷ್ಟೇ. ಬರೆಯುವುದಕ್ಕೆ ಇನ್ನೇನಿಲ್ಲ.

ಜುಲೈ ೧೯

ಬೆಳಿಗ್ಗೆ ಇವಳು 'ಅವ್ವನ ಮನೆಗೆ' ಎಂದು ಹೊರಟಳು. ಇವಳ ಬಸ್ಸಿನ ಹಿಂದೆ ಬಂದ ಬಸ್ಸು ನನ್ನದು.

ಆಸ್ಪತ್ರೆಯಲ್ಲಿ ಬೆಂಚಿನ ತುಂಬ ಜನ. ಚೀಟಿ ಬರೆಯುವ ಹುಡುಗಿ ತಡೆದಳು. ತಳ್ಳಿಕೊಂಡು ಒಳಗೆ ಹೋದೆ. ಇದ್ದಳು. ಅವನ ಎದುರಿಗೆ ಕುರ್ಚಿಯಲ್ಲಿ. ಇಬ್ಬರ ನಡುವೆ ಮೇಜಿನ ಮೇಲೆ ಇವಳ ಫೋನು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬೇರೆ. "ತೊಟ್ಟಿಲ ಮಾತ ಇವತ್ತ್ ನಡೆಸ್ಕಳಕ್ಕ ಬಂದೀಯಾ?" ಎಂದುಬಿಟ್ಟೆ.

ಇವಳು ಎದ್ದು ಬಾಗಿಲು ಹಾಕಿದಳು. "ಕುಂತ್ಕಳಿ" ಎಂದಳು. ಹೆದರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ರಗ್ಗು ಸಿಟ್ಟಾಗಲಿಲ್ಲ. "ಮಾದೇಶಣ್ಣ, ಒಂದ್ ವ್ಯಾಪಾರ ಮಾಡನ. ಟವೆಲ್ ಹಾಕಿ. ಮೂರ್ ಸಲ ನಿಮ್ಮ ಬೆರಳು ಹಿಡಿತೀನಿ. ಮೂರೂ ಸರಿ ಹೇಳುದ್ರ ಶಾಂತಿ ಇನ್ಯಾವತ್ತೂ ಈ ಬಾಗ್ಲು ತುಳಿಯಲ್ಲ. ತಪ್ಪುದ್ರ ನಾ ಹೇಳ್ದಂಗ ಕೇಳ್ಬೇಕು."

ನನ್ನ ಕಸುಬಿನಲ್ಲಿ ನನ್ನನ್ನೇ ಕರೆಯುತ್ತಾನೆ! "ಮಾತ್ ಬದ್ಲಾಯಿಸ್ಬಾರ್ದು" ಎಂದು ಹೆಗಲಿನ ಟವೆಲ್ ಎಳೆದು ಮೇಜಿನ ಮೇಲೆ ಬಲಗೈಗೆ ಮುಚ್ಚಿದೆ. ಅವನ ಕೈ ಒಳಗೆ ಬಂತು. ಇಂಡಿಯಾಕ್ಕೆ ಆಡಿದ ಕೈ; ಎಮ್ಮೆಯ ಗೊರಸಿನಷ್ಟಿದೆ.

"ಒಂದು" ಎಂದೆ.

"ಸರಿ."

"ಎರಡು."

"ಸರಿ."

ಇವಳ ಕಡೆ ನೋಡಿ ಮೀಸೆ ಮೇಲೆ ಎಡಗೈ ಆಡಿಸಿದೆ. ಮೂರನೆಯದಕ್ಕೆ ಕಾದೆ. ಅವನು ಹಿಡಿಯಲಿಲ್ಲ. ಹಿಂದೆ ಮುಂದೆ ನೋಡುತ್ತಿದ್ದಾನೆ, ಸೋಲುವ ಹೆದರಿಕೆ. ನನಗೆ ನಗು ಬಂತು. "ಹಿಡಿಯಪ್ಪ, ಯಾಕ್ ತಡ? ಧೈರ್ಯ ಸಾಲ್ದಾ?"

ಇವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಹಿಡಿಯಯ್ಯ."

"ಹಿಡ್ದು ಆಗ್ಲೇ ಹೊತ್ತಾಯ್ತು ಅಣ್ಣ" ಎಂದ.

ಇವಳು ಟವೆಲ್ ಎತ್ತಿದಳು. ನನ್ನ ಕಿರುಬೆರಳೂ ಅದರ ಪಕ್ಕದ್ದೂ ಅವನ ಮುಷ್ಟಿಯೊಳಗಿದ್ದವು. ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಂಡಿ ಹಿಡಿದಿದ್ದ. ಆ ಬೆರಳುಗಳು ನನ್ನವೆಂದು ಕಣ್ಣು ಹೇಳಿತು, ಕೈ ಹೇಳಲಿಲ್ಲ.

ಫೋನಿನಲ್ಲಿದ್ದದ್ದು ನನ್ನ ಕೈಯ ಫೋಟೊಗಳು. ಮಲಗಿದ್ದಾಗ ತೆಗೆದದ್ದು. ಚಿಬ್ಬು, ಸುಟ್ಟ ಗಾಯಗಳು, ಬಾಗಿದ ಬೆರಳು. "ಯುಗಾದಿ ದಿವ್ಸ ಬೀಡಿ ನಿಮ್ಮ ಬೆರಳ ಸುಡ್ತಾ ಇತ್ತು. ಚರ್ಮದ ವಾಸ್ನೆ ನಂಗ ಬತ್ತಾ ಇತ್ತು. ನೀವು ನಗ್ತಾ ಮಾತಾಡ್ತಾನೇ ಇದ್ರಿ" ಎಂದಳು ಶಾಂತಿ. "ಹೇಳುದ್ರ ಕೇಳೋರಾ ನೀವು? ಕುಮಾರನ್ ಹೆಸ್ರೆತ್ತುದ್ರೇ ಉರ್ಕಂಡ್ ಬೀಳ್ತೀರಿ."

ಆಮೇಲೆ ಕುಮಾರಸ್ವಾಮಿ ಕಾಯಿಲೆಯ ಹೆಸರು ಹೇಳಿದ. ಇಂಗ್ಲಿಷಿನಲ್ಲಿ ಸಣ್ಣದು. ಸರ್ಕಾರಿ ಬೋರ್ಡಿನಲ್ಲಿ ಕುಷ್ಠ, ನಮ್ಮ ಕಡೆ ಅದಕ್ಕೆ ದೊಡ್ಡರೋಗ ಅನ್ನುತ್ತಾರೆ. ದೊಡ್ಡದೇನಾದರೂ ನನ್ನ ಹೆಸರಿಗೆ ಬರಲಿ ಎಂದು ಬಹಳ ದಿನದಿಂದ ಹಾರೈಸುತ್ತಿದ್ದೆ.

ಜುಲೈ ೨೦

ಬೆಳಿಗ್ಗೆಯಿಂದ ಸೂಜಿ ಹಿಡಿದು ಕೈಯೆಲ್ಲ ಚುಚ್ಚಿ ನೋಡಿಕೊಂಡೆ. ಶಾಂತಿ ಕಸಿದುಕೊಂಡು ಹೋದಳು.

ಆಗಸ್ಟ್ ೭

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಬಿಟ್ಟಿಯಾಗಿ ಕೊಡುತ್ತಾರೆ. ಬಿಟ್ಟಿ ಮಾಲನ್ನು ನಾನು ಯಾವತ್ತೂ ನಂಬಿದವನಲ್ಲ. ಮೊದಲ ದಿನ ಉಚ್ಚೆ ಕೆಂಪಗೆ ಹೋಯಿತು. ಸತ್ತೆ ಎಂದು ಕೂಗಿಕೊಂಡೆ. ಶಾಂತಿ ಫೋನು ಹಚ್ಚಿದಳು. "ಮಾತ್ರೆ ಬಣ್ಣ ಅಣ್ಣ, ರಕ್ತ ಅಲ್ಲ" ಎಂದು ಕುಮಾರಸ್ವಾಮಿ ಆ ಕಡೆಯಿಂದ ನಕ್ಕ. ನಗಲಿ.

ಇದು ಪಾಪದ ಫಲವಲ್ಲ, ಕ್ರಿಮಿ. ಮಾತ್ರೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವುದಿಲ್ಲ ಎಂದು ಬಿಡಿಸಿ ಹೇಳಿದ್ದಾನೆ. ಬೆರಳಿನ ನರಕ್ಕೆ ಬೇರೆ ಮಾತ್ರೆ ಉಂಟು. ಅರಿವು ಪೂರಾ ಬರಬಹುದು, ಅರ್ಧ ಬರಬಹುದು, ಬಾರದೆಯೂ ಇರಬಹುದು. ಇಷ್ಟು ನೇರ ಮಾತಾಡುವವನು ಸಂತೆಯಲ್ಲಿ ಒಂದು ಕೋಳಿಯನ್ನೂ ಮಾರಲಾರ.

ಇವತ್ತು ಮನೆಗೆ ಬಂದಿದ್ದವನನ್ನು, ಆಟ ಬಿಟ್ಟು ಚರ್ಮಕ್ಕೆ ಯಾಕೆ ಬಂದೆ ಎಂದು ಕೇಳಿದೆ. ಆ ಆಟದಲ್ಲಿ ಎಂಟೆಂಟು ಜನ ಕೆನ್ನೆಗೆ ಕೆನ್ನೆ, ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವುದೊಂದುಂಟಂತೆ. ಹಾಗೆ ಉಜ್ಜಿ ಉಜ್ಜಿ ಅವನ ಕೆನ್ನೆಗೆ ಗುಳ್ಳೆ ಎದ್ದವು. ವಾಸಿಯೂ ಆಯಿತು. "ವಾಸಿಯಾದ ಮ್ಯಾಲೂ ನನ್ನ ಎಡಗಡೆ ಯಾರೂ ನಿಲ್ಲಲಿಲ್ಲ ಅಣ್ಣ. ಇಂಡಿಯಾ ಬನಿಯನ್ ಹಾಕ್ಕಂಡು ಒಬ್ನೇ ನಿಂತಿದ್ದಿ. ಗೆದ್ದಿದ್ದೆಲ್ಲ ಮರ್ತೋಗದ, ಆ ಖಾಲಿ ಜಾಗ ಮರ್ತಿಲ್ಲ."

ಆದರೂ ಶಾಂತಿ ಅವನಿಗೆ ಕೊಟ್ಟ ಕಾಫಿಯಲ್ಲಿ ನೊರೆ ಹೆಚ್ಚಿತ್ತು. ಇದನ್ನೂ ಬರೆದಿಡುತ್ತೇನೆ.

ಆಗಸ್ಟ್ ೨೧

ಯಾರು ಹೇಳಿದರೋ. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಯಾರು ಕಂಡರೋ. ಸಂತೆಗೆ ಹೋಗಿ ಟವೆಲ್ ಬಿಚ್ಚಿದೆ. ಚೇಟ ಕೈಗಳನ್ನು ಜೇಬಿಗೆ ಇಳಿಸಿಕೊಂಡ.

"ಬಾಯಲ್ಲೇ ಹೇಳು ಮಾದೇಶಣ್ಣ" ಎಂದ ಇನ್ನೊಬ್ಬ. "ಈಗೆಲ್ಲ ಫೋನಲ್ಲೇ ದುಡ್ಡು ಬಡಿಯೋ ಕಾಲ, ಬೆರಳು ಯಾಕ?"

ದೊಡ್ಡಮಲ್ಲಪ್ಪ ದೂರದಿಂದಲೇ ಕೂಗಿದ, "ಮೊದ್ಲು ದುಡ್ಡ್ ನುಂಗ್ದ, ಈಗ ದೇವ್ರು ಬೆರಳ ನುಂಗ್ತಾವ್ನೆ."

ಟೀ ಅಂಗಡಿಯವನು ನನಗೆ ಕಾಗದದ ಲೋಟದಲ್ಲಿ ಕೊಟ್ಟ. ಉಳಿದವರಿಗೆ ಗಾಜಿನದು. ಪುಟ್ಟಮಾದು ತನ್ನ ಗಾಜಿನ ಲೋಟವನ್ನು ನನ್ನ ಮುಂದಿಟ್ಟು ಕಾಗದದ್ದನ್ನು ತಾನು ಕುಡಿದ. ಒಂದೂ ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡಿದ್ದರೆ ವಾಸಿಯಿತ್ತು.

ಸೆಪ್ಟೆಂಬರ್ ೪

ಹೋಗಲಿಲ್ಲ.

ಸೆಪ್ಟೆಂಬರ್ ೧೧

ಹೋಗಲಿಲ್ಲ. ಕುಮಾರಸ್ವಾಮಿ ಬಂದಿದ್ದ. ಸಂತೆಗೆ ತಾನು ಬಂದು ಎಲ್ಲರಿಗೂ ತಿಳಿಹೇಳುತ್ತೇನೆ ಎಂದ. ಬೇಡ ಎಂದೆ. ಡಾಕ್ಟರು ನನ್ನ ಕೈ ಹಿಡಿದರೆ ಅದು ವೈದ್ಯ, ವ್ಯಾಪಾರವಲ್ಲ. ಅವನು ಒಪ್ಪಿದ. ಶಾಂತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಸೆಪ್ಟೆಂಬರ್ ೧೮

ಮಾರ್ಲಾಮಿ, ಹಿರಿಯರ ಹಬ್ಬಕ್ಕೆ ಮುಂಚಿನ ಸಂತೆ. ಮನೆಮನೆಗೂ ಎಡೆ ಇಡುವುದಕ್ಕೆ ಮರಿ ಬೇಕು. ಇವತ್ತು ಕೂತವನು ವರ್ಷವೆಲ್ಲ ಕೂತಂತೆ. ಹೋದೆ. ಹುಣಸೆಮರದ ಕೆಳಗೆ ನನ್ನ ಜಾಗ ಖಾಲಿಯಿತ್ತು. ಯಾರೂ ಅಲ್ಲಿ ನಿಂತಿರಲಿಲ್ಲ. ಗೌರವಕ್ಕಲ್ಲ.

ಬಿಸಿಲೇರುವವರೆಗೆ ಟವೆಲ್ ಹೆಗಲ ಮೇಲೇ ಇತ್ತು. ಅಷ್ಟರಲ್ಲಿ ಕುರಿಗಳ ನಡುವೆ ದಾರಿ ಮಾಡಿಕೊಂಡು ಶಾಂತಿ ಬಂದಳು. ಸಂತೆಯ ಆ ಭಾಗಕ್ಕೆ ಹೆಂಗಸರು ಮಾರಲು ಬರು‌ತ್ತಾರೆ, ಬೆರಳು ಹಿಡಿಯಲು ಬಂದದ್ದನ್ನು ನಾನು ಕಂಡಿಲ್ಲ. ನೆಟ್ಟಗೆ ದೊಡ್ಡಮಲ್ಲಪ್ಪನ ಹತ್ತಿರ ಹೋಗಿ ಒಂದು ಕಪ್ಪು ಹೋತಮರಿಯ ಕಿವಿ ಹಿಡಿದಳು.

"ಇದ್ ನಂಗ್ ಬೇಕು."

"ತಕ್ಕವ್ವ. ಎಷ್ಟ್ ಕೊಟ್ಟೀಯೆ, ಹೇಳು."

"ಬಾಯಲ್ಲಿ ಹೇಳಕ್ಕ ನಾನೇನ್ ಸೊಪ್ಪು ಕೊಳ್ಳಕ್ ಬಂದಿದ್ದೀನಾ? ದಲ್ಲಾಳಿ ಇಲ್ಲೇ ಅವ್ರಲ್ಲ" ಎಂದು ನನ್ನ ಮುಂದೆ ಬಂದು ಕೈ ಚಾಚಿದಳು.

ಯಾರೋ ಸಿಳ್ಳೆ ಹಾಕಿದರು. "ಗಂಡ ಹೆಂಡ್ರು ಮನೇಲಿ ಹಿಡ್ಕಳದ ಸಂತೇಲಿ ಹಿಡ್ಕತ್ತಾವ್ರೆ ಕಣ್ರಲಾ!" ಜನ ಸುತ್ತ ಮುತ್ತಿಕೊಂಡರು. ಟವೆಲ್ ಹಾಸಿದೆ. ಅವಳ ಕೈ ಒಳಗೆ ಬಂತು. ಬಟ್ಟೆ ಅಲ್ಲಾಡಿದ್ದು ಕಂಡಿತು.

ಏನೂ ತಿಳಿಯಲಿಲ್ಲ. ತೋರುಬೆರಳು ಖಾಲಿ, ನಡುಬೆರಳು ಖಾಲಿ. ಸುಮ್ಮನೆ ಒಂದು ಬಟ್ಟೆ, ಅದರ ಕೆಳಗೆ ಗಾಳಿ. ಕುಮಾರಸ್ವಾಮಿಯ ಮೇಜಿನ ಮುಂದೆ ಕೂತ ಹಾಗೆಯೇ. ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ಕಸುಬಿಗೆ ಬಂದಂದಿನಿಂದ ಮಾಡದ ಕೆಲಸ ಮಾಡಿದೆ. ಟವೆಲ್ಲಿನ ಕೆಳಗೆ ಕೈಯಿರುವಾಗ ಎದುರಿನವರ ಮುಖ ನೋಡಿದೆ.

"ಉಗುರು ನಾಟ್ತದಾ?" ಎಂದಳು, ನನಗೊಬ್ಬನಿಗೇ ಕೇಳುವ ಹಾಗೆ.

"ಇಲ್ಲ" ಎಂದೆ. ಆಮೇಲೆ ಸಂತೆಗೆಲ್ಲ ಕೇಳುವ ಹಾಗೆ, "ಒಂದು!" ಎಂದು ಕೂಗಿದೆ.

"ಹ್ಞೂ, ಒಂದೇ" ಎಂದಳು ಶಾಂತಿ, ಇನ್ನೂ ಜೋರಾಗಿ.

ದೊಡ್ಡಮಲ್ಲಪ್ಪನಿಗೆ ಮೈಯೆಲ್ಲ ಉರಿದುಹೋಯಿತು. "ಒಂದಾ? ಮಾರ್ಲಾಮಿ ಹಬ್ಬದಲ್ಲಿ ಒಂದ್ ಸಾವ್ರಕ್ಕ ಹೋತ್ಮರೀನಾ? ಗಂಡ ಹೆಂಡ್ತಿ ಸೇರ್ಕಂಡು ಬೋಳಿಸ್ಬುಡಣ ಅಂತಿದ್ದೀರಾ? ಎತ್ತಕ್ಕ ಆ ಒಂದ! ಇಲ್ನೋಡ್ಲಾ ಮಾದೇಶ, ಇದು ದರ!" ಎಂದು ಜನರನ್ನು ತಳ್ಳಿಕೊಂಡು ಬಂದು, ಟವೆಲ್ಲಿನೊಳಗೆ ಕೈ ನುಗ್ಗಿಸಿ ನನ್ನ ಪೂರಾ ಕೈಯನ್ನೇ ಬಾಚಿ ಹಿಡಿದ.

ಹಿಡಿದ ಮೇಲೆ ಅವನಿಗೆ ಜ್ಞಾಪಕ ಬಂತು. ಮುಖ ಒಂದು ಗಳಿಗೆ ಬಿಳಿಚಿತು. ಆದರೆ ಸಂತೆಯಲ್ಲಿ ದರ ಹೇಳಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡವನಿಗೆ ಮರ್ಯಾದೆಯಿಲ್ಲ. ಎಳೆದುಕೊಳ್ಳಲಿಲ್ಲ.

"ಐದು" ಎಂದೆ. ಮೂರು ಬೆರಳಿನ ಮಟ್ಟಿಗೆ ಅವನ ಹಿಡಿತ ಸ್ಪಷ್ಟವಾಗಿ ತಿಳಿಯಿತು. ಮಿಕ್ಕೆರಡನ್ನು ಅವನ ಸಿಟ್ಟು ನೋಡಿ ಸೇರಿಸಿಕೊಂಡೆ. "ಐದು ಜಾಸ್ತಿ ಕಣಣ್ಣ. ಮರಿಗ ಕೊಂಬೇ ಮೂಡಿಲ್ಲ."

"ಕೊಂಬ ತಿಂದೀಯೇನ್ಲಾ?"

ಜನ ನಕ್ಕರು. ನಾನು ಜಗ್ಗಿದೆ, ಅವನು ಬೈದ, ಚೇಟ ಹತ್ತಿರ ಬಂದು ಬಗ್ಗಿ ನೋಡಿದ. ಶಾಂತಿ ಎರಡಕ್ಕೆ ಏರುವುದಿಲ್ಲವೆಂದು ಹಟ ಹಿಡಿದಳು. ಆಗ ಟವೆಲ್ಲಿನ ಕೆಳಗೆ ಮೂರು ಕೈಗಳಿದ್ದವು. ಕಿರುಬೆರಳನ್ನು ಅವಳು ಬಿಟ್ಟಿದ್ದಳೋ ಇಲ್ಲವೋ, ನನಗೆ ಗೊತ್ತಾಗುವ ಹಾಗಿರಲಿಲ್ಲ.

ಎತ್ತಿ ನೋಡಲಿಲ್ಲ.